ಷೇರುದಾರರಿಲ್ಲದ ಬ್ರೌಸರ್

ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಹೆಚ್ಚು ಬಳಕೆಯಲ್ಲಿರುವ ಬ್ರೌಸರ್‌ಗಳಲ್ಲಿ ಕ್ರೋಮ್ ಗೂಗಲ್‌ನದು, ಸಫಾರಿ ಆಪಲ್‌ನದು, ಎಡ್ಜ್ ಮೈಕ್ರೋಸಾಫ್ಟ್‌ನದು. ಫೈರ್‌ಫಾಕ್ಸ್ ಮಾತ್ರ ಮೊಜಿಲ್ಲಾ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಒಡೆತನದಲ್ಲಿದೆ. 2009ರ ಕೊನೆಗೆ ಜಗತ್ತಿನ ಬಳಕೆದಾರರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಜನ ಅದನ್ನು ಬಳಸುತ್ತಿದ್ದರು. ಇಂದು ಫೋನು ಮತ್ತು ಕಂಪ್ಯೂಟರ್ ಎರಡನ್ನೂ ಸೇರಿಸಿ ಎಣಿಸಿದರೆ ಆ ಪಾಲು ನೂರಕ್ಕೆ ಮೂರನ್ನೂ ಮುಟ್ಟುವುದಿಲ್ಲ. ಇದಕ್ಕೆ ಕಾರಣವೇನು, ಅಂಥ ಸಂಸ್ಥೆ ಎದುರಿಸುತ್ತಿರುವ ಕಷ್ಟಗಳೇನು ಎಂಬುದರ ಕುರಿತ ಈ ಸಂವಾದ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಲ್ಲಿ ನಡೆಯುತ್ತದೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿಗಳನ್ನು ದಿನವಿಡೀ ಬ್ರೌಸರ್‌ನಲ್ಲೇ ತುಂಬುವ ಸೇವಾ ಕೇಂದ್ರದ ಚಿಕ್ಕಪ್ಪ ಕೇಳುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಫೈರ್‌ಫಾಕ್ಸ್‌ನ ಕನ್ನಡ ಅನುವಾದಕ್ಕೂ ಕೈಜೋಡಿಸುವ ಅಣ್ಣನ ಮಗಳು ಉತ್ತರಿಸುತ್ತಾಳೆ.

ಚಿಕ್ಕಪ್ಪ: ಲಾಭರಹಿತ ಎನ್ನುತ್ತೀಯ. ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಬರುತ್ತದೆ ಎಂದೂ ಹೇಳುತ್ತೀಯ. ಎರಡಕ್ಕೂ ತಾಳೆ ಹೇಗೆ?

ಮಗಳು: ಲಾಭರಹಿತ ಎಂದರೆ ಹಣ ಬರಬಾರದು ಎಂದಲ್ಲ ಚಿಕ್ಕಪ್ಪ. ಬಂದ ಹಣವನ್ನು ಹಂಚಿಕೊಳ್ಳುವ ಷೇರುದಾರರು ಇರುವುದಿಲ್ಲ, ಅಷ್ಟೇ. 1998ರಲ್ಲಿ ನೆಟ್‌ಸ್ಕೇಪ್ ಕಂಪನಿ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎದುರು ಸೋಲುತ್ತಿದ್ದಾಗ ತನ್ನ ಬ್ರೌಸರ್‌ನ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದನ್ನು ಮುಂದುವರಿಸಲು ಹುಟ್ಟಿದ್ದು ಮೊಜಿಲ್ಲಾ ಯೋಜನೆ. ಮುಂದೆ ನೆಟ್‌ಸ್ಕೇಪನ್ನು ಕೊಂಡ ಎಒಎಲ್ ಕಂಪನಿ ಅದರಿಂದ ಕೈ ತೊಳೆದುಕೊಳ್ಳಲು ಹೊರಟಾಗ, 2003ರ ಜುಲೈನಲ್ಲಿ ಮೊಜಿಲ್ಲಾ ಫೌಂಡೇಶನ್ ಸ್ಥಾಪನೆಯಾಯಿತು. ಎಒಎಲ್ 20 ಲಕ್ಷ ಡಾಲರ್ ಇಡುಗಂಟು ಕೊಟ್ಟಿತು. 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಬಂತು. ಮರುತಿಂಗಳೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದರ ದೊಡ್ಡ ಜಾಹೀರಾತು ಬಂದಾಗ ಖರ್ಚು ಹಾಕಿದ್ದು ಕಂಪನಿಯಲ್ಲ, ಸುಮಾರು 10,000 ಮಂದಿ ಬಳಕೆದಾರರು. ಆ ಹುರುಪಿನ ಮೇಲೆ ನಿಂತ ಸಂಸ್ಥೆ ಇದು.

ಚಿಕ್ಕಪ್ಪ: ಹಾಗಾದರೆ ಈಗಲೂ ದೇಣಿಗೆಯಿಂದಲೇ ನಡೆಯುತ್ತಿರಬೇಕು.

ಮಗಳು: ಬಹಳ ಜನ ಹಾಗೆಯೇ ತಿಳಿದಿದ್ದಾರೆ. ನಿಜ ಬೇರೆ. 2005ರಲ್ಲಿ ಫೌಂಡೇಶನ್ ತನ್ನ ಕೈಕೆಳಗೆ ಮೊಜಿಲ್ಲಾ ಕಾರ್ಪೊರೇಶನ್ ಎಂಬ, ತೆರಿಗೆ ಕಟ್ಟುವ ಕಂಪನಿಯೊಂದನ್ನು ತೆರೆಯಿತು. ಬ್ರೌಸರ್ ಕಟ್ಟುವವರು, ಒಪ್ಪಂದ ಮಾಡುವವರು, ಎಂಜಿನಿಯರ್‌ಗಳಿಗೆ ಸಂಬಳ ಕೊಡುವವರು ಎಲ್ಲ ಅಲ್ಲಿದ್ದಾರೆ. ಜನ ಕೊಡುವ ದೇಣಿಗೆ ಫೌಂಡೇಶನ್ನಿಗೆ ಹೋಗಿ, ಜಾಲದ ಹಕ್ಕುಗಳ ಪ್ರಚಾರ, ಸಂಶೋಧನೆ, ತರಬೇತಿಗೆ ಖರ್ಚಾಗುತ್ತದೆ. ಫೈರ್‌ಫಾಕ್ಸ್‌ನ ಒಂದು ದೋಷ ಸರಿಪಡಿಸಲು ನೀವು ನೂರು ರೂಪಾಯಿ ಕಳಿಸಬೇಕೆಂದರೂ ಅದಕ್ಕೆ ನೇರ ದಾರಿಯೇ ಇಲ್ಲ. ಬ್ರೌಸರ್‌ನ ಖರ್ಚನ್ನು ಬ್ರೌಸರೇ ದುಡಿದು ತರಬೇಕು. ಅದರ ಬಹುಪಾಲು ಬರುವುದು ಗೂಗಲ್‌ನಿಂದ.

ಚಿಕ್ಕಪ್ಪ: ಕ್ರೋಮ್ ಮಾಡುವ ಗೂಗಲ್‌ನಿಂದ?

ಮಗಳು: ಅದೇ ಗೂಗಲ್‌ನಿಂದ. ಫೈರ್‌ಫಾಕ್ಸ್ ಮೇಲಿನ ಪಟ್ಟಿಯಲ್ಲಿ ನೀವು ಏನಾದರೂ ಬರೆದು ಹುಡುಕಿದರೆ, ಆ ಹುಡುಕಾಟ ತಾನಾಗಿಯೇ ಗೂಗಲ್‌ಗೆ ಹೋಗುತ್ತದೆ. ಅಲ್ಲಿ ಕಾಣುವ ಜಾಹೀರಾತಿನ ಆದಾಯದಲ್ಲಿ ಒಂದು ಪಾಲು ಮೊಜಿಲ್ಲಾಗೆ ಸೇರುತ್ತದೆ. 2023ರಲ್ಲಿ ಮೊಜಿಲ್ಲಾದ ಒಟ್ಟು ಆದಾಯ ಸುಮಾರು 65 ಕೋಟಿ ಡಾಲರ್. ಅದರಲ್ಲಿ ಸುಮಾರು 49 ಕೋಟಿ ಡಾಲರ್ ಇಂಥ ರಾಯಧನ. 2025ರ ಮೇ ತಿಂಗಳಲ್ಲಿ ಮೊಜಿಲ್ಲಾದ ಹಣಕಾಸು ಮುಖ್ಯಸ್ಥರು ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುತ್ತ, ಕಂಪನಿಯ ಆದಾಯದಲ್ಲಿ ನೂರಕ್ಕೆ 90ರಷ್ಟು ಫೈರ್‌ಫಾಕ್ಸ್‌ನಿಂದ ಬರುತ್ತದೆ, ಅದರಲ್ಲಿ ಸುಮಾರು 85 ಪಾಲು ಗೂಗಲ್‌ನದು ಎಂದು ಒಪ್ಪಿಕೊಂಡರು.

ಚಿಕ್ಕಪ್ಪ: ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿಗೆ ಹತ್ತು ರೀಲರ್‌ಗಳು ಕೂಗಿದರೆ ಮಾತ್ರ ರೈತನಿಗೆ ಬೆಲೆ. ಕೂಗುವವನು ಒಬ್ಬನೇ, ಅವನೂ ಪಕ್ಕದ ತೋಟದಲ್ಲಿ ತಾನೇ ಹುಳು ಸಾಕಿ ಗೂಡು ಬೆಳೆಯುವವನು ಎಂದಾದರೆ ಆ ರೈತನ ಗತಿ ಏನು? ಬೇರೆಯವರಿಗೆ ಮಾರಿ ನೋಡಲಿಲ್ಲವೇ ಇವರು?

ಮಗಳು: ನೋಡಿದರು. 2014ರ ನವೆಂಬರ್‌ನಲ್ಲಿ ಗೂಗಲ್ ಬಿಟ್ಟು ಯಾಹೂ ಜೊತೆ ಐದು ವರ್ಷದ ಒಪ್ಪಂದ ಮಾಡಿಕೊಂಡರು. ಅಮೆರಿಕದ ಬಳಕೆದಾರರ ಹುಡುಕಾಟಕ್ಕೆ ಯಾಹೂ ವರ್ಷಕ್ಕೆ 37.5 ಕೋಟಿ ಡಾಲರ್ ಕೊಡಬೇಕು. ಹಣವೇನೋ ಒಳ್ಳೆಯದೇ. ಆದರೆ ಬಳಕೆದಾರರಿಗೆ ಯಾಹೂ ಹಿಡಿಸಲಿಲ್ಲ. ಎಷ್ಟೋ ಮಂದಿ ಸೆಟ್ಟಿಂಗ್ ಬದಲಿಸಿ ಗೂಗಲ್ಲಿಗೇ ಮರಳಿದರು, ಇನ್ನೆಷ್ಟೋ ಮಂದಿ ಫೈರ್‌ಫಾಕ್ಸನ್ನೇ ಬಿಟ್ಟರು. ಮೂರೇ ವರ್ಷಕ್ಕೆ, 2017ರ ನವೆಂಬರ್‌ನಲ್ಲಿ, ಮೊಜಿಲ್ಲಾ ಆ ಒಪ್ಪಂದ ಮುರಿದು ಗೂಗಲ್ ಬಳಿಗೆ ಹಿಂದಿರುಗಿತು. ಹುಡುಕಾಟದ ಪೇಟೆಯಲ್ಲಿ ಗೂಗಲ್‌ಗೆ ಸಮನಾಗಿ ಬೆಲೆ ಕಟ್ಟಬಲ್ಲ ಎರಡನೆಯವರು ಇಲ್ಲ ಎಂಬುದು ಅಲ್ಲಿ ಗೊತ್ತಾಗಿ ಹೋಯಿತು.

ಚಿಕ್ಕಪ್ಪ: ನ್ಯಾಯಾಲಯ ಎಂದೆಯಲ್ಲ, ಮೊಜಿಲ್ಲಾ ಅಲ್ಲಿಗೆ ಹೋಗಿದ್ದೇಕೆ?

ಮಗಳು: ಅಮೆರಿಕದ ಸರ್ಕಾರ 2020ರಲ್ಲಿ ಗೂಗಲ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಹುಡುಕಾಟದ ಪೇಟೆಯಲ್ಲಿ ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪಿತ್ತರು. ಬ್ರೌಸರ್‌ಗಳಿಗೆ, ಫೋನ್ ಕಂಪನಿಗಳಿಗೆ ಹಣ ಕೊಟ್ಟು ಮೊದಲ ಸ್ಥಾನ ಕಾದಿರಿಸಿಕೊಳ್ಳುವುದೇ ಆ ತಪ್ಪಿನ ತಿರುಳು. ಪರಿಹಾರವಾಗಿ ಆ ಪಾವತಿಯನ್ನೇ ನಿಷೇಧಿಸಬೇಕು ಎಂದು ಸರ್ಕಾರ ಕೇಳಿತು. ಆಗ ಮೊಜಿಲ್ಲಾ ಅಡ್ಡ ಬಂದು, ಪಾವತಿ ನಿಂತರೆ ಮೊದಲು ಸಾಯುವುದು ಗೂಗಲ್ ಅಲ್ಲ, ಫೈರ್‌ಫಾಕ್ಸ್ ಎಂದು ಹೇಳಬೇಕಾಯಿತು. ಏಕಸ್ವಾಮ್ಯವನ್ನು ವಿರೋಧಿಸಲೆಂದೇ ಹುಟ್ಟಿದ ಸಂಸ್ಥೆ ಏಕಸ್ವಾಮಿಯ ಹಣಕ್ಕಾಗಿ ವಾದಿಸುವ ಸ್ಥಿತಿಗೆ ಬಂದದ್ದು ದುಃಖದ ಸಂಗತಿ. ಆದರೆ ಆ ವಾದದಲ್ಲಿ ಸುಳ್ಳಿರಲಿಲ್ಲ. 2025ರ ಸೆಪ್ಟೆಂಬರ್ 2ರ ಆದೇಶದಲ್ಲಿ ನ್ಯಾಯಾಲಯ ಏಕಮಾತ್ರ ಒಪ್ಪಂದಗಳನ್ನು ತಡೆದರೂ ಪಾವತಿಗೆ ಅವಕಾಶ ಉಳಿಸಿತು. ಸದ್ಯಕ್ಕೆ ಉಸಿರು ಉಳಿದಿದೆ.

ಚಿಕ್ಕಪ್ಪ: ಹಣದ ಮಾತು ತಿಳಿಯಿತು. ಆದರೆ ಜನ ಬಿಟ್ಟದ್ದೇಕೆ? ನಮ್ಮ ಕೇಂದ್ರಕ್ಕೆ ಬರುವವರಲ್ಲಿ ಯಾರ ಫೋನಿನಲ್ಲೂ ಫೈರ್‌ಫಾಕ್ಸ್ ಕಂಡಿಲ್ಲ.

ಮಗಳು: ಅವರು ಬಿಟ್ಟವರಲ್ಲ, ಅದನ್ನು ಕಂಡೇ ಇಲ್ಲ. 2004ರಿಂದ 2009ರವರೆಗೆ ಜಾಲ ಎಂದರೆ ಕಂಪ್ಯೂಟರ್. ಕಂಪ್ಯೂಟರ್ ಕೊಂಡವರು ತಾವೇ ಹುಡುಕಿ ಫೈರ್‌ಫಾಕ್ಸ್ ಇಳಿಸಿಕೊಳ್ಳುತ್ತಿದ್ದರು. ದಿಬ್ಬೂರಹಳ್ಳಿಯಂಥ ಊರಿಗೆ ಜಾಲ ಬಂದದ್ದೇ ಫೋನಿನ ಮೂಲಕ. ಆಂಡ್ರಾಯ್ಡ್ ಫೋನ್ ಪೆಟ್ಟಿಗೆಯಿಂದ ತೆಗೆದಾಗಲೇ ಅದರಲ್ಲಿ ಕ್ರೋಮ್ ಕೂತಿರುತ್ತದೆ, ಐಫೋನಿನಲ್ಲಿ ಸಫಾರಿ, ವಿಂಡೋಸ್‌ನಲ್ಲಿ ಎಡ್ಜ್. ಕೈಗೆ ಸಿಕ್ಕಿದ್ದು ಕೆಲಸ ಮಾಡುತ್ತಿರುವಾಗ ಇನ್ನೊಂದನ್ನು ಹುಡುಕುವವರು ನೂರಕ್ಕೆ ಎಷ್ಟು ಮಂದಿ? ಸ್ವಂತ ಫೋನ್, ಸ್ವಂತ ಕಾರ್ಯವ್ಯವಸ್ಥೆ ಇಲ್ಲದ ಬ್ರೌಸರ್ ತಯಾರಕರಿಗೆ ಇದು ಎಲ್ಲಕ್ಕಿಂತ ದೊಡ್ಡ ಗೋಡೆ.

ಐಫೋನಿನಲ್ಲಂತೂ ಇನ್ನೊಂದು ಕಟ್ಟುಪಾಡಿದೆ. ಹೆಚ್ಚಿನ ದೇಶಗಳಲ್ಲಿ ಯಾವ ಬ್ರೌಸರ್ ಬೇಕಾದರೂ ಇರಲಿ, ಒಳಗಿನ ಎಂಜಿನ್ ಆಪಲ್‌ನ ವೆಬ್‌ಕಿಟ್ ಆಗಿರಲೇಬೇಕು. ಐಫೋನಿನ ಫೈರ್‌ಫಾಕ್ಸ್ ಹೊರಗಿನಿಂದ ಮಾತ್ರ ಫೈರ್‌ಫಾಕ್ಸ್. ಯುರೋಪಿನ ಒಕ್ಕೂಟ ಹೊಸ ಕಾನೂನು ತಂದ ಮೇಲೆ, 2024ರ ಮಾರ್ಚ್‌ನಿಂದ, ಅಲ್ಲಿ ಬೇರೆ ಎಂಜಿನ್‌ಗೆ ಆಪಲ್ ಒಪ್ಪಿತು. ಒಂದೇ ಬ್ರೌಸರ್ ಅನ್ನು ಒಂದು ಖಂಡಕ್ಕೆ ಒಂದು ರೀತಿ, ಉಳಿದ ಜಗತ್ತಿಗೆ ಇನ್ನೊಂದು ರೀತಿ ಕಟ್ಟಿ ಸಾಕುವುದು ಸಣ್ಣ ಸಂಸ್ಥೆಗೆ ಎರಡು ಪಟ್ಟು ಹೊರೆ.

ಚಿಕ್ಕಪ್ಪ: ನಮ್ಮ ದೇಶದಲ್ಲಿ ಇದನ್ನು ಕೇಳುವವರೇ ಇಲ್ಲವೇ?

ಮಗಳು: ಕೇಳಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪ್ಲೇಸ್ಟೋರ್ ಬೇಕಾದರೆ ಕ್ರೋಮನ್ನೂ ಹಾಕಲೇಬೇಕು ಎಂದು ಫೋನ್ ತಯಾರಕರನ್ನು ಕಟ್ಟಿಹಾಕಬಾರದು ಎಂದಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಕ್ರೋಮ್ ಎಂಬುದು ಜನರ ಬಾಯಲ್ಲಿ ಇಂಟರ್ನೆಟ್‌ನ ಇನ್ನೊಂದು ಹೆಸರಾಗಿತ್ತು. ಆದೇಶ ಬೇಗ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಚಿಕ್ಕಪ್ಪ: ಮೊಜಿಲ್ಲಾ ತಾನೇ ಒಂದು ಫೋನ್ ಮಾಡಬಹುದಿತ್ತು.

ಮಗಳು: ಮಾಡಿತು, ಮತ್ತು ಅದನ್ನು ಭಾರತಕ್ಕೇ ತಂದಿತು. ಫೈರ್‌ಫಾಕ್ಸ್ ಓಎಸ್ ಎಂಬ ವ್ಯವಸ್ಥೆಯಲ್ಲಿ 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ ಕ್ಲೌಡ್ ಎಫ್‌ಎಕ್ಸ್ ಎಂಬ ಫೋನನ್ನು 1,999 ರೂಪಾಯಿಗೆ ಮಾರಿತು. ಸ್ಪೈಸ್ ಕಂಪನಿಯದೂ ಒಂದು ಬಂತು, 2,299ಕ್ಕೆ. ಬೆಲೆಯೇನೋ ಬಡವರ ಕೈಗೆ ಎಟುಕುವಂಥದು. ಆದರೆ 128 ಎಂಬಿ ಮೆಮೊರಿಯಲ್ಲಿ ಅದು ತೆವಳುತ್ತಿತ್ತು, ಜನಕ್ಕೆ ಬೇಕಾದ ವಾಟ್ಸಾಪ್‌ನ ಅಧಿಕೃತ ಆ್ಯಪ್ ಅದರಲ್ಲಿ ಇರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ ಫೋನಿನ ಪ್ರಯತ್ನ ಕೈಬಿಟ್ಟಿತು.

ಮುಂದಿನದು ಇನ್ನೂ ಕುತೂಹಲದ್ದು. ಕೈಬಿಟ್ಟ ಆ ಕೋಡು ಮುಕ್ತವಾದದ್ದರಿಂದ ಬೇರೆಯವರು ಅದನ್ನೆತ್ತಿಕೊಂಡು ಕೈ ಓಎಸ್ ಎಂಬ ವ್ಯವಸ್ಥೆ ಮಾಡಿದರು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ಓಡುತ್ತಿದ್ದುದು ಅದರ ಮೇಲೆಯೇ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಆ ಗುಂಡಿ ಫೋನ್ ಇತ್ತು ನಿಮಗೇ ಗೊತ್ತು. ಅದರಲ್ಲಿ ಕನ್ನಡ ಪುಟ ತೆರೆದವರೆಲ್ಲ ಗೊತ್ತಿಲ್ಲದೆಯೇ ಮೊಜಿಲ್ಲಾದ ಎಂಜಿನ್ ಬಳಸಿದ್ದಾರೆ. ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ. ಎಂಜಿನ್ ಮಾತ್ರ ಫೈರ್‌ಫಾಕ್ಸ್ 48ರ ಕಾಲದ್ದಾಗಿಯೇ ಹಳತಾಗುತ್ತ ಹೋಯಿತು.

ಚಿಕ್ಕಪ್ಪ: ಎಂಜಿನ್ ಎಂಜಿನ್ ಎನ್ನುತ್ತೀಯ. ಅದಕ್ಕೂ ಬ್ರೌಸರ್‌ಗೂ ಏನು ವ್ಯತ್ಯಾಸ?

ಮಗಳು: ಪುಟದ ಕೋಡು ಓದಿ, ಅಕ್ಷರ, ಚಿತ್ರ, ಗುಂಡಿಗಳನ್ನು ಎಲ್ಲೆಲ್ಲಿ ಇಡಬೇಕೆಂದು ಲೆಕ್ಕ ಹಾಕಿ, ತೆರೆಯ ಮೇಲೆ ಬಿಡಿಸುವ ಭಾಗವೇ ಎಂಜಿನ್. ಮೇಲಿನ ಪಟ್ಟಿ, ಟ್ಯಾಬು, ಬುಕ್‌ಮಾರ್ಕು ಎಲ್ಲ ಅದರ ಹೊರ ಉಡುಪು. ಹೆಸರಿಗೆ ಹತ್ತಾರು ಬ್ರೌಸರ್‌ಗಳಿದ್ದರೂ ದೊಡ್ಡ ಬಳಕೆಯ ಎಂಜಿನ್‌ಗಳು ಮೂರೇ: ಗೂಗಲ್‌ನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕ್ಕೊ. ಬ್ಲಿಂಕ್ ಹುಟ್ಟಿದ್ದೂ 2013ರಲ್ಲಿ ವೆಬ್‌ಕಿಟ್‌ನಿಂದ ಕವಲೊಡೆದೇ. ಹಾಗಾಗಿ ಬೇರೆಯದೇ ಬೇರಿನದು ಗೆಕ್ಕೊ ಒಂದೇ. ಒಪೆರಾ 2013ರಲ್ಲಿ ತನ್ನ ಎಂಜಿನ್ ಬಿಟ್ಟುಕೊಟ್ಟಿತು. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ 2018ರ ಡಿಸೆಂಬರ್‌ನಲ್ಲಿ ಸೋಲೊಪ್ಪಿ, 2020ರ ಜನವರಿಯಲ್ಲಿ ಕ್ರೋಮಿಯಂ, ಎಂದರೆ ಬ್ಲಿಂಕ್ ಎಂಜಿನ್ ಇರುವ ಗೂಗಲ್‌ನ ಮುಕ್ತ ತಳಹದಿಯ ಮೇಲೆ ಹೊಸ ಎಡ್ಜ್ ಹೊರತಂದಿತು.

ನಮ್ಮ ಬೆಂಗಳೂರಿನಲ್ಲೇ ಇದರ ಉದಾಹರಣೆಯಿದೆ. ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ 2010ರ ಜುಲೈನಲ್ಲಿ ಎಪಿಕ್ ಎಂಬ ಬ್ರೌಸರ್ ಬಿಡುಗಡೆ ಮಾಡಿತು. ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಸೌಲಭ್ಯ ಇತ್ತು, ಭಾರತದ ಮೊದಲ ಬ್ರೌಸರ್ ಎಂದು ಪತ್ರಿಕೆಗಳು ಬರೆದವು. ಅದನ್ನು ಕಟ್ಟಿದ್ದು ಮೊಜಿಲ್ಲಾದ ತಳಹದಿಯ ಮೇಲೆ. 2013ರಲ್ಲಿ ಖಾಸಗಿತನ ಕಾಯುವ ಬ್ರೌಸರ್ ಆಗಿ ಅದು ಹೊಸ ರೂಪ ಪಡೆದಾಗ ತಳಹದಿ ಕ್ರೋಮಿಯಂ ಆಗಿತ್ತು. ಗೂಗಲ್‌ನಿಂದ ಬಳಕೆದಾರರನ್ನು ಕಾಯಲು ಹೊರಟವರೂ ಗೂಗಲ್‌ನ ಎಂಜಿನ್ ಮೇಲೇ ನಿಲ್ಲಬೇಕಾಯಿತು.

ಚಿಕ್ಕಪ್ಪ: ಅದರಿಂದ ನಷ್ಟವೇನು? ಒಂದೇ ಎಂಜಿನ್ ಇದ್ದರೆ ಪುಟ ಮಾಡುವವರಿಗೂ ಸುಲಭ, ನನಗೂ ಸುಲಭ. ಕೆಲವು ತಾಣಗಳು ಕ್ರೋಮ್‌ನಲ್ಲೇ ತೆರೆಯಿರಿ ಎಂದು ನೇರವಾಗಿ ಬರೆದಿರುತ್ತವೆ. ಕೇಂದ್ರದ ಎದುರು ಜನ ಸಾಲಾಗಿ ನಿಂತಿರುವಾಗ ಬೇರೆ ಬ್ರೌಸರ್‌ನಲ್ಲಿ ಪ್ರಯೋಗ ಮಾಡುತ್ತ ಕೂರಲು ಆಗುವುದಿಲ್ಲ.

ಮಗಳು: ನಿಮ್ಮ ಕಷ್ಟ ನಿಜ, ಅದನ್ನು ತಪ್ಪೆನ್ನಲಾರೆ. ಆದರೆ ಒಂದೇ ಎಂಜಿನ್ನಿನ ಕಾಲವನ್ನು ಕನ್ನಡ ಒಮ್ಮೆ ಕಂಡಿದೆ. ಇಪ್ಪತ್ತು ವರ್ಷದ ಹಿಂದೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದೇ ಇದ್ದಂತಿತ್ತು. ಆಗ ಎಷ್ಟೋ ಭಾರತೀಯ ಭಾಷೆಯ ಸುದ್ದಿತಾಣಗಳು ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್ ಬಳಸುತ್ತಿರಲಿಲ್ಲ. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಪುಟದ ಜೊತೆಗೇ ಇಳಿದುಬರುತ್ತಿದ್ದ ಆ ಫಾಂಟಿನ ತಂತ್ರ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಬೇರೆ ಬ್ರೌಸರ್‌ನಲ್ಲಿ ತೆರೆದರೆ ಅಕ್ಷರದ ಬದಲು ಅರ್ಥವಿಲ್ಲದ ಚಿಹ್ನೆಗಳು. ಡಿಜಿಟಲ್ ಸಹಿ ಬೇಡುವ ಸರ್ಕಾರಿ ತಾಣಗಳೂ ಹಾಗೆಯೇ ಎಕ್ಸ್‌ಪ್ಲೋರರ್‌ನ ಆ್ಯಕ್ಟಿವ್‌ಎಕ್ಸ್ ಎಂಬ ತಂತ್ರಕ್ಕೆ ಅಂಟಿಕೊಂಡವು. ಆ ಬ್ರೌಸರ್ ಮುಪ್ಪಾದ ಮೇಲೂ ಕಚೇರಿಗಳಲ್ಲಿ ಹಳೆಯ ವಿಂಡೋಸ್ ಉಳಿಸಿಕೊಳ್ಳಬೇಕಾಯಿತು. ಆ ದಿನಗಳಲ್ಲಿ ಫೈರ್‌ಫಾಕ್ಸ್‌ಗೆ ಪದ್ಮ ಎಂಬ ವಿಸ್ತರಣೆ ಬಂತು. ತೆಲುಗಿಗಾಗಿ ಹುಟ್ಟಿ ಬೇರೆ ಭಾರತೀಯ ಲಿಪಿಗಳಿಗೂ ಬೆಳೆದ ಆ ಸಣ್ಣ ತಂತ್ರಾಂಶ, ಬಿಡಿಬಿಡಿ ಫಾಂಟುಗಳ ಬರಹವನ್ನು ಯುನಿಕೋಡ್‌ಗೆ ಬದಲಿಸಿ ತೋರಿಸುತ್ತಿತ್ತು. ಯಾರೂ ಅಪ್ಪಣೆ ಕೊಡಬೇಕಾಗಿರಲಿಲ್ಲ. ಬ್ರೌಸರ್ ಮುಕ್ತವಾಗಿದ್ದುದೇ ಸಾಕಾಯಿತು.

ಫೈರ್‌ಫಾಕ್ಸ್‌ನಲ್ಲಿ ದೋಷವಿರಲಿಲ್ಲ ಎಂದಲ್ಲ. ಫೈರ್‌ಫಾಕ್ಸ್ 2ರಲ್ಲಿ ಎರಡೂ ಅಂಚು ಸಮನಾಗಿಸಿದ ಪ್ಯಾರಾಗಳಲ್ಲಿ ನಮ್ಮ ಲಿಪಿಗಳು ಒಡೆದು, ಒತ್ತಕ್ಷರ ಚೆದುರಿ ಕಾಣುತ್ತಿದ್ದವು. 2008ರ ಫೈರ್‌ಫಾಕ್ಸ್ 3ರಲ್ಲಿ ಅಕ್ಷರ ಜೋಡಣೆಯ ಭಾಗವನ್ನೇ ಹೊಸದಾಗಿ ಬರೆದ ಮೇಲೆ ಅದು ಸರಿಹೋಯಿತು. ಇಂದು ಕನ್ನಡದ ಗುಣಿತ, ಒತ್ತುಗಳನ್ನು ಕೂಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಕ್ರೋಮೂ ಬಳಸುತ್ತದೆ, ಫೈರ್‌ಫಾಕ್ಸೂ ಬಳಸುತ್ತದೆ. ಅದನ್ನು ಬೆಳೆಸಿದವರಲ್ಲಿ ಮೊಜಿಲ್ಲಾದ ಎಂಜಿನಿಯರ್‌ಗಳೂ ಇದ್ದಾರೆ. ಎರಡು ಎಂಜಿನ್‌ಗಳು ಒಂದೇ ಪುಟವನ್ನು ಒಂದೇ ರೀತಿ ತೋರಿಸಬೇಕು ಎಂದಾಗಲೇ ಬರೆದಿಟ್ಟ ಮಾನದಂಡಕ್ಕೆ ಬೆಲೆ. ಒಂದೇ ಎಂಜಿನ್ ಉಳಿದರೆ ಅದು ಮಾಡಿದ್ದೇ ಮಾನದಂಡ, ಅದರ ದೋಷವೂ ಮಾನದಂಡ. ಜಾಹೀರಾತು ತಡೆಯುವ ವಿಸ್ತರಣೆಗಳ ವಿಷಯದಲ್ಲಿ ಇದನ್ನು ಈಗಾಗಲೇ ನೋಡಿದ್ದೇವೆ. ಗೂಗಲ್ 2024ರಿಂದ ಕ್ರೋಮ್‌ನಲ್ಲಿ ಹಳೆಯ ವಿಸ್ತರಣಾ ವ್ಯವಸ್ಥೆಯನ್ನು ತೆಗೆಯುತ್ತ ಬಂದಾಗ ಯುಬ್ಲಾಕ್ ಒರಿಜಿನ್ ಎಂಬ ಅಂಥ ವಿಸ್ತರಣೆ ಅಲ್ಲಿ ನಿಂತುಹೋಯಿತು. ಫೈರ್‌ಫಾಕ್ಸ್ ಹಳೆಯದನ್ನೂ ಹೊಸದನ್ನೂ ಉಳಿಸಿಕೊಂಡಿತು. ಜಾಹೀರಾತೇ ಜೀವನವಾದ ಕಂಪನಿ ಜಾಹೀರಾತು ತಡೆಯುವವರ ಪರ ನಿಲ್ಲಬೇಕೆಂದು ಬಯಸುವುದು ಹೇಗೆ?

ಚಿಕ್ಕಪ್ಪ: ಇಷ್ಟೆಲ್ಲ ಇದ್ದರೆ ನಮ್ಮ ದೇಶದವರೇ ಒಂದು ಬ್ರೌಸರ್ ಮಾಡಿಬಿಡಬಹುದಲ್ಲ? ಸರ್ಕಾರ ಸ್ಪರ್ಧೆ ನಡೆಸಿತ್ತು ಎಂದು ಪೇಪರಿನಲ್ಲಿ ಓದಿದ ನೆನಪು.

ಮಗಳು: ಹೌದು. 2023ರ ಆಗಸ್ಟ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಭಾರತೀಯ ಬ್ರೌಸರ್‌ಗಾಗಿ ಸ್ಪರ್ಧೆ ಕರೆಯಿತು. ಅದನ್ನು ನಡೆಸಿಕೊಟ್ಟದ್ದು ಬೆಂಗಳೂರಿನ ಸಿ-ಡ್ಯಾಕ್. ಒಟ್ಟು ಮೊತ್ತ 3.41 ಕೋಟಿ ರೂಪಾಯಿ. 2025ರ ಮಾರ್ಚ್‌ನಲ್ಲಿ ಫಲಿತಾಂಶ ಬಂದು, ಜೊಹೊ ಕಂಪನಿಗೆ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಸಿಕ್ಕಿತು. ಜೊಹೊದ ಉಲಾ ಬ್ರೌಸರ್ ಒಳ್ಳೆಯದೇ, ಆದರೆ ಅದರ ತಳಹದಿ ಕೂಡ ಕ್ರೋಮಿಯಂ. ಇದನ್ನು ಕುಂದೆಂದು ಹೇಳುತ್ತಿಲ್ಲ. ಫೈರ್‌ಫಾಕ್ಸ್‌ನ ಕೋಡು ಎರಡು ಕೋಟಿ ಸಾಲು ದಾಟಿದೆ. ಮೊಜಿಲ್ಲಾ ತಂತ್ರಾಂಶ ಅಭಿವೃದ್ಧಿಗೆಂದೇ ವರ್ಷಕ್ಕೆ 20 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡುತ್ತದೆ, ಎಂದರೆ 1,600 ಕೋಟಿ ರೂಪಾಯಿಗೂ ಮಿಗಿಲು. 3.41 ಕೋಟಿಯಲ್ಲಿ ಎಂಜಿನ್ ಹುಟ್ಟಲಾರದು. ಹೊಸ ಉಡುಪು ಹೊಲಿಸಬಹುದು.

ಆ ಸ್ಪರ್ಧೆಯ ಹಿಂದೆ ಇನ್ನೊಂದು ಕಾರಣವಿತ್ತು, ಅದೂ ತಿಳಿಯಬೇಕಾದ್ದು. ನೀವು ಬ್ಯಾಂಕಿನ ತಾಣ ತೆರೆದಾಗ ಅದು ನಿಜವಾದ ಬ್ಯಾಂಕೇ ಎಂದು ಬ್ರೌಸರ್ ಖಚಿತಪಡಿಸಿಕೊಳ್ಳುವುದು ಪ್ರಮಾಣಪತ್ರ ಕೊಡುವ ಪ್ರಾಧಿಕಾರಗಳ ಮೇಲಿನ ನಂಬಿಕೆಯಿಂದ. ಯಾರನ್ನು ನಂಬಬೇಕು ಎಂಬ ಪಟ್ಟಿ ಬ್ರೌಸರ್‌ನೊಳಗೇ ಇರುತ್ತದೆ. 2014ರ ಜುಲೈನಲ್ಲಿ ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣಪತ್ರ ವ್ಯವಸ್ಥೆಯಿಂದ ಗೂಗಲ್ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದವು. ಭಾರತದ ಮೂಲ ಪ್ರಾಧಿಕಾರವಾದ ಸಿಸಿಎಯನ್ನು ಮೈಕ್ರೋಸಾಫ್ಟ್‌ನ ಪಟ್ಟಿ ನಂಬುತ್ತಿದ್ದುದರಿಂದ ವಿಂಡೋಸ್‌ನಲ್ಲಿ ಅಪಾಯವಿತ್ತು. ಮೊಜಿಲ್ಲಾ ತನ್ನದೇ ಪಟ್ಟಿ ಇಟ್ಟುಕೊಂಡಿದೆ, ಅದರಲ್ಲಿ ಸಿಸಿಎ ಇರಲಿಲ್ಲ, ಹಾಗಾಗಿ ಫೈರ್‌ಫಾಕ್ಸ್‌ಗೆ ಏನೂ ಆಗಲಿಲ್ಲ. ಸರ್ಕಾರಕ್ಕೆ ಸ್ವಂತ ಬ್ರೌಸರ್ ಬೇಕೆನಿಸಿದ್ದಕ್ಕೆ ಸಿಸಿಎಯ ಮೂಲ ಪ್ರಮಾಣಪತ್ರವನ್ನು ಒಳಗೊಂಡ ಪಟ್ಟಿ ಬೇಕಾಗಿದ್ದುದೂ ಒಂದು ಕಾರಣ. ಸ್ವತಂತ್ರ ಬ್ರೌಸರ್ ತಯಾರಕರ ಮೇಲೆ ಇಂಥ ಒತ್ತಡ ಒಂದು ದೇಶದಿಂದಲ್ಲ, ಹಲವು ದೇಶಗಳಿಂದ ಬರುತ್ತದೆ. ಪ್ರತಿ ಅರ್ಜಿಯನ್ನೂ ಸಾರ್ವಜನಿಕವಾಗಿ ಪರಿಶೀಲಿಸಿ, ಬೇಕಾದರೆ ಬೇಡವೆನ್ನುವ ಧೈರ್ಯ ಅವರಿಗೆ ಬೇಕು. ಮೊಜಿಲ್ಲಾ ಮಾಡುವ ಕೆಲಸಗಳಲ್ಲಿ ಜನರ ಕಣ್ಣಿಗೆ ಬೀಳದ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಚಿಕ್ಕಪ್ಪ: ಎಲ್ಲ ಕಷ್ಟವೂ ಹೊರಗಿನಿಂದಲೇ ಬಂತು ಎನ್ನುವಂತಿದೆ ನಿನ್ನ ಮಾತು. ಅವರ ಕೈಯಾರೆ ಕೆಡಿಸಿಕೊಂಡದ್ದು ಏನೂ ಇಲ್ಲವೇ?

ಮಗಳು: ಇದೆ, ಅದನ್ನು ಮುಚ್ಚಿಡಬಾರದು. ಬ್ರೌಸರ್ ಸೊರಗುತ್ತಿದ್ದ ಕಾಲದಲ್ಲಿ ಗಮನ ಹತ್ತು ಕಡೆ ಹರಿಯಿತು. ಪಾಕೆಟ್ ಎಂಬ ಓದುವ ಸೇವೆಯನ್ನು 2017ರಲ್ಲಿ ಕೊಂಡು 2025ರ ಜುಲೈನಲ್ಲಿ ಮುಚ್ಚಿದರು. 2020ರಲ್ಲಿ ಎರಡು ಸಲ ಜನರನ್ನು ಕೆಲಸದಿಂದ ತೆಗೆದರು, ಜನವರಿಯಲ್ಲಿ 70 ಮಂದಿ, ಆಗಸ್ಟ್‌ನಲ್ಲಿ ಸುಮಾರು 250. ಆಗ ಹೋದವರಲ್ಲಿ ಸರ್ವೊ ಎಂಬ ಹೊಸ ಎಂಜಿನ್ ಕಟ್ಟುತ್ತಿದ್ದ ತಂಡವೂ ಸೇರಿತ್ತು. ಅದೇ ಹೊತ್ತಿನಲ್ಲಿ ಮುಖ್ಯಸ್ಥರ ಸಂಬಳ ವರ್ಷದಿಂದ ವರ್ಷಕ್ಕೆ ಏರಿ 50 ಲಕ್ಷ ಡಾಲರ್ ದಾಟಿತು. ಲಾಭರಹಿತ ಸಂಸ್ಥೆಯಲ್ಲಿ ಇದನ್ನು ಸಮರ್ಥಿಸುವುದು ಕಷ್ಟ. 2025ರ ಫೆಬ್ರವರಿಯಲ್ಲಿ ಬಳಕೆಯ ನಿಯಮ ಹೊಸದಾಗಿ ಬರೆದಾಗ, ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲ ಎಂಬ ಹಳೆಯ ಮಾತನ್ನು ತೆಗೆದರು. ಅಮೆರಿಕದ ಕೆಲವು ರಾಜ್ಯಗಳ ಕಾನೂನಿನಲ್ಲಿ ಮಾರಾಟ ಎಂಬುದರ ವ್ಯಾಖ್ಯೆ ವಿಶಾಲವಾಗಿದೆ ಎಂದು ವಿವರಣೆ ಕೊಟ್ಟರು, ನಿಯಮದ ಭಾಷೆಯನ್ನೂ ತಿದ್ದಿದರು. ಆದರೆ ನಂಬಿಕೆಯೊಂದೇ ಬಂಡವಾಳವಾದ ಸಂಸ್ಥೆ ಅಂಥ ಸಾಲನ್ನು ಮುಟ್ಟುವ ಮುನ್ನ ಹತ್ತು ಸಲ ಯೋಚಿಸಬೇಕಿತ್ತು.

ಆದರೂ ಅವರಿಂದ ಜಗತ್ತಿಗೆ ಸಿಕ್ಕಿದ್ದು ಕಡಿಮೆಯಲ್ಲ. ಮೊಜಿಲ್ಲಾ ಪೋಷಿಸಿದ ರಸ್ಟ್ ಭಾಷೆಯ 1.0 ಆವೃತ್ತಿ 2015ರಲ್ಲಿ ಬಂತು. ಮೆಮೊರಿ ದೋಷಗಳನ್ನು ಬರೆಯುವಾಗಲೇ ತಡೆಯುವ ಆ ಭಾಷೆಯನ್ನು ಈಗ ಗೂಗಲ್, ಮೈಕ್ರೋಸಾಫ್ಟ್ ಎರಡೂ ಬಳಸುತ್ತವೆ. ಕೈಬಿಟ್ಟ ಸರ್ವೊ ಕೂಡ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಮತ್ತೆ ಚಿಗುರಿದೆ. ಕಷ್ಟಪಟ್ಟು ಮಾಡಿದ್ದೆಲ್ಲ ಎದುರಾಳಿಗಳಿಗೂ ಉಚಿತವಾಗಿ ಸಲ್ಲುತ್ತದೆ. ಮುಕ್ತ ಕೋಡಿನ ಹಿರಿಮೆ ಅದು. ಹಣದ ಲೆಕ್ಕದಲ್ಲಿ ಮಾತ್ರ ಅದು ಹೊರೆ.

ಚಿಕ್ಕಪ್ಪ: ನೀನು ಅನುವಾದ ಮಾಡುತ್ತೀಯಲ್ಲ, ಅದಕ್ಕೇನಾದರೂ ಕೊಡುತ್ತಾರೆಯೇ?

ಮಗಳು: ಇಲ್ಲ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುವುದು ಸ್ವಯಂಸೇವಕರಿಂದ. ಪಾಂಟೂನ್ ಎಂಬ ಮೊಜಿಲ್ಲಾದ ಅನುವಾದ ತಾಣಕ್ಕೆ ಹೋಗಿ, ಮೆನುವಿನ ಒಂದೊಂದು ಸಾಲನ್ನೂ ಕನ್ನಡಿಸುತ್ತೇವೆ, ಇನ್ನೊಬ್ಬರು ನೋಡಿ ಒಪ್ಪುತ್ತಾರೆ. ಹೆಚ್ಚುಕಡಿಮೆ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ. ಪ್ರತಿ ಸಲ ಹೊಸ ಸಾಲುಗಳು ಬರುತ್ತವೆ. ಕೈ ನಿಂತರೆ ಕನ್ನಡದ ನಡುವೆ ಇಂಗ್ಲಿಷ್ ತಲೆಹಾಕುತ್ತದೆ. ಗೂಗಲ್ ತನ್ನ ಕನ್ನಡ ಅನುವಾದವನ್ನು ಹಣ ಕೊಟ್ಟು ಮಾಡಿಸಬಲ್ಲದು. ಅಲ್ಲಿ ಯಾವ ಪದ ಬಳಸಬೇಕೆಂದು ತೀರ್ಮಾನಿಸುವವರು ಅವರು. ಇಲ್ಲಿ ತೀರ್ಮಾನ ಕನ್ನಡಿಗರದು. ಆದರೆ ಬಳಸುವವರು ಕಡಿಮೆಯಾದಂತೆ ಅನುವಾದಕ್ಕೆ ಕೂರುವವರೂ ಕಡಿಮೆಯಾಗುತ್ತಾರೆ. ದೊಡ್ಡ ಕಂಪನಿಗೆ ಬಳಕೆದಾರ ಕೈತಪ್ಪಿದರೆ ಆದಾಯ ಮಾತ್ರ ಹೋಗುತ್ತದೆ, ಇಂಥ ಸಂಸ್ಥೆಗೆ ದುಡಿಯುವ ಕೈಯೂ ಹೋಗುತ್ತದೆ.

ಚಿಕ್ಕಪ್ಪ: ಇವರ ಹಾಗೆ ಇನ್ಯಾರೂ ಇಲ್ಲವೇ?

ಮಗಳು: ಒಬ್ಬರಿದ್ದಾರೆ. 2024ರ ಜುಲೈನಲ್ಲಿ ಆ್ಯಂಡ್ರಿಯಾಸ್ ಕ್ಲಿಂಗ್, ಕ್ರಿಸ್ ವಾನ್‌ಸ್ಟ್ರಾತ್ ಎಂಬ ಇಬ್ಬರು ತಂತ್ರಾಂಶ ತಜ್ಞರು ಲೇಡಿಬರ್ಡ್ ಎಂಬ ಬ್ರೌಸರ್‌ಗಾಗಿ ಲಾಭರಹಿತ ಸಂಸ್ಥೆ ಕಟ್ಟಿದರು. ವಾನ್‌ಸ್ಟ್ರಾತ್ ಕುಟುಂಬ 10 ಲಕ್ಷ ಡಾಲರ್ ಕೊಟ್ಟಿತು. ಎಂಜಿನ್ ಪೂರ್ತಿ ಹೊಸದು, ಬೇರೆಯವರ ಎಂಜಿನ್‌ನಿಂದ ಸಾಲ ತಂದದ್ದಲ್ಲ. ಹುಡುಕಾಟದ ಹಣ ಮುಟ್ಟುವುದಿಲ್ಲ, ದೇಣಿಗೆಯಲ್ಲೇ ನಡೆಸುತ್ತೇವೆ ಎಂದು ಮೊದಲೇ ಸಾರಿದ್ದಾರೆ. ಮೊಜಿಲ್ಲಾದ ಕಷ್ಟ ನೋಡಿಯೇ ಹಾಕಿಕೊಂಡ ನಿಯಮವದು. ಬೆರಳೆಣಿಕೆಯ ಎಂಜಿನಿಯರ್‌ಗಳು ಇಷ್ಟು ದೂರ ಬಂದಿರುವುದೇ ದೊಡ್ಡದು. ಆದರೆ ಜನಸಾಮಾನ್ಯರ ನಿತ್ಯಬಳಕೆಗೆ ಅದು ಒದಗಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ದೊಡ್ಡ ಕಂಪನಿಗಳಿಗೆ ಸೇರದ ಎಂಜಿನ್ ಎಂದರೆ ಗೆಕ್ಕೊ ಒಂದೇ.

ಚಿಕ್ಕಪ್ಪ: ಸರಿ, ನನ್ನಂಥವನಿಂದ ಆಗುವುದೇನು? ನಾಳೆಯಿಂದ ಕ್ರೋಮ್ ತೆಗೆದುಹಾಕು ಎಂದರೆ ನನ್ನ ಕೇಂದ್ರ ನಡೆಯುವುದಿಲ್ಲ.

ಮಗಳು: ತೆಗೆಯುವುದು ಬೇಡ. ಪಕ್ಕದಲ್ಲಿ ಫೈರ್‌ಫಾಕ್ಸನ್ನೂ ಇಟ್ಟುಕೊಳ್ಳಿ, ಭಾಷೆ ಕನ್ನಡ ಮಾಡಿಕೊಳ್ಳಿ. ಜನ ಕಡಿಮೆಯಿರುವ ಹೊತ್ತಿನಲ್ಲಿ ನೀವು ದಿನವೂ ಬಳಸುವ ತಾಣಗಳನ್ನು ಅದರಲ್ಲಿ ತೆರೆದು ನೋಡಿ. ಕೆಲಸ ಮಾಡದ ಪುಟ ಸಿಕ್ಕರೆ, ಮೆನುವಿನಲ್ಲೇ ಅದನ್ನು ವರದಿ ಮಾಡುವ ಆಯ್ಕೆ ಇದೆ, ಒತ್ತಿ ಕಳಿಸಿ. ಮೊಜಿಲ್ಲಾದವರು ಅಂಥ ವರದಿಗಳನ್ನು ನೋಡಿಯೇ ಯಾವ ತಾಣಕ್ಕೆ ಯಾವ ತಿದ್ದುಪಡಿ ಬೇಕೆಂದು ತೀರ್ಮಾನಿಸುತ್ತಾರೆ. ನಗರದ ಎಂಜಿನಿಯರ್ ಯಾರೂ ಕರ್ನಾಟಕದ ಪಿಂಚಣಿ ಅರ್ಜಿಯ ಪುಟ ತೆರೆದು ಪರೀಕ್ಷಿಸುವುದಿಲ್ಲ. ಅದನ್ನು ನೋಡಬಲ್ಲವರು ನೀವೇ.

ತಾಣದ ಸಹಾಯವಾಣಿಗೂ ಒಂದು ಪತ್ರ ಬರೆಯಿರಿ. ಸರ್ಕಾರಿ ತಾಣಗಳನ್ನು ಒಂದಕ್ಕಿಂತ ಹೆಚ್ಚು ಬ್ರೌಸರ್‌ಗಳಲ್ಲಿ ಪರೀಕ್ಷಿಸಬೇಕು ಎಂದು ಕೇಂದ್ರ ಸರ್ಕಾರದ ಜಾಲತಾಣ ಮಾರ್ಗಸೂಚಿಯೇ ಹೇಳುತ್ತದೆ. ಹೊಸ ನಿಯಮ ಕೇಳಬೇಕಾಗಿಲ್ಲ. ಇರುವ ನಿಯಮವನ್ನು ಪಾಲಿಸಿ, ಕ್ರೋಮ್‌ನಲ್ಲೇ ತೆರೆಯಿರಿ ಎಂಬ ಆ ಸಾಲನ್ನು ಅಳಿಸಿ ಎಂದು ಕೇಳಿದರೆ ಸಾಕು. ದಿಬ್ಬೂರಹಳ್ಳಿಯಿಂದ ಒಂದು, ಚಿಂತಾಮಣಿಯಿಂದ ಒಂದು, ಗೌರಿಬಿದನೂರಿನಿಂದ ಒಂದು, ಹೀಗೆ ಸೇವಾ ಕೇಂದ್ರದವರೆಲ್ಲ ಬರೆಯಿರಿ.